ಬ್ಲೂ-ರೇ ಡಿಸ್ಕ್ ಓಡದಿದ್ದಾಗ

ಯಂತ್ರವೊಂದು ತೊಂದರೆಯಿಲ್ಲದೆ ನಡೆಯುತ್ತಿರುವವರೆಗೆ ಅದರ ಒಳಗಿನ ವ್ಯವಹಾರವನ್ನು ಕುರಿತು ನಾವು ಯೋಚಿಸುವುದೇ ಇಲ್ಲ. ಬೈಸಿಕಲ್ಲಿನ ಸರಪಳಿ ಕಳಚಿಬಿದ್ದ ದಿನವೇ ಅದು ಯಾವ ಚಕ್ರದಿಂದ ಯಾವ ಚಕ್ರಕ್ಕೆ ಹೋಗುತ್ತದೆಂಬುದನ್ನು ಬಗ್ಗಿ ನೋಡುತ್ತೇವೆ. ಮನೆಯ ಕಂಪ್ಯೂಟರಿನಲ್ಲಿ ಬ್ಲೂ-ರೇ ಡಿಸ್ಕ್ ಓಡದೆ ನಿಂತಾಗಲೂ ಹಾಗೆಯೇ. ಆ ಡಿಸ್ಕಿನಲ್ಲಿ ಹಣ ಕೊಟ್ಟು ಕೊಂಡ ಚಲನಚಿತ್ರವಿರಬಹುದು. ಅಕ್ಕನ ಮದುವೆಯ ವೀಡಿಯೊ ಇರಬಹುದು. ಅದನ್ನು ಒಳಗಿಟ್ಟಾಗ ಡ್ರೈವ್ ಒಂದಷ್ಟು ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಇಲ್ಲವೆ ಪರದೆಯ ಮೇಲೆ ಅರ್ಥವಾಗದ ಒಂದು ಎಚ್ಚರಿಕೆ ಮೂಡುತ್ತದೆ. ಇಲ್ಲವೆ ಚಿತ್ರ ಅರ್ಧಕ್ಕೆ ಬಂದು ಸ್ತಬ್ಧವಾಗುತ್ತದೆ. ಆಗ ಬಹುತೇಕ ಜನ ಡಿಸ್ಕನ್ನು ಹೊರತೆಗೆದು, ಬಾಯಿಂದ ಊದಿ, ಅಂಗಿಯ ತುದಿಯಿಂದ ಒರಸಿ, ಮತ್ತೆ ಒಳಗಿಡುತ್ತಾರೆ. ಆಗಲೂ ಓಡದಿದ್ದರೆ “ಡಿಸ್ಕ್ ಕೆಟ್ಟಿದೆ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಅನೇಕ ವೇಳೆ ತಪ್ಪಾಗಿರುತ್ತದೆ.

ಮನೆಗೆ ಹೆಂಚು ಹೊದಿಸುವಾಗ ನೆಲದಿಂದ ಮಾಡಿನವರೆಗೆ ಸಾಲಾಗಿ ನಿಂತವರು ಒಂದೊಂದೇ ಹೆಂಚನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿರಬಹುದು. ಮೇಲೆ ಕುಳಿತವನಿಗೆ ಹೆಂಚು ತಲುಪಲಿಲ್ಲವೆಂದರೆ ಸಾಲಿನಲ್ಲಿ ಯಾರೋ ಒಬ್ಬರು ಕೈತಡೆದಿದ್ದಾರೆಂದು ಅರ್ಥ. ಬ್ಲೂ-ರೇ ಡಿಸ್ಕಿನಲ್ಲಿರುವ ಚಿತ್ರವೂ ನಮ್ಮ ಕಣ್ಣಿಗೆ ಬರುವ ಮೊದಲು ಇಂಥ ಹಲವು ಕೈಗಳನ್ನು ದಾಟಬೇಕು. ಡಿಸ್ಕಿನ ಮೈ, ಮಸೂರ, ಲೇಸರ್, ವಿದ್ಯುತ್ತು, ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆ, ಚಿತ್ರವನ್ನು ತೋರಿಸುವ ಪ್ರೋಗ್ರಾಂ, ಗುಪ್ತಲಿಪಿಯ ಬೀಗ, ಅದನ್ನು ತೆರೆಯುವ ಕೀಲಿಕೈ, ಕೇಬಲ್, ಕೊನೆಗೆ ಮಾನಿಟರ್. ಇವುಗಳಲ್ಲಿ ಯಾವುದು ಕೈತಡೆದಿದೆ ಎಂಬುದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ಕಂಡುಹಿಡಿಯಬೇಕು. ಅದಕ್ಕೆ ಮೊದಲು ಡಿಸ್ಕನ್ನು ಓದುವ ಬೆಳಕಿನ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ.

ಸಿ.ಡಿ. 1982ರಲ್ಲಿ, ಡಿ.ವಿ.ಡಿ. 1996ರಲ್ಲಿ, ಬ್ಲೂ-ರೇ 2006ರಲ್ಲಿ ಮಾರುಕಟ್ಟೆಗೆ ಬಂದವು. ಮೂರಕ್ಕೂ ವ್ಯಾಸ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು, ಬರಿಗಣ್ಣಿಗೆ ಇವು ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೂರರಲ್ಲಿಯೂ ವಿಷಯವು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಅತಿ ಸಣ್ಣ ಗುಳಿಗಳ ರೂಪದಲ್ಲಿದೆ. ಆದರೆ ಸಿ.ಡಿ.ಯಲ್ಲಿ ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 1.6 ಮೈಕ್ರೋಮೀಟರು; ಡಿ.ವಿ.ಡಿ.ಯಲ್ಲಿ 0.74, ಬ್ಲೂ-ರೇಯಲ್ಲಿ ಕೇವಲ 0.32. ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬ್ಲೂ-ರೇ ಡಿಸ್ಕಿನ ಒಂದು ಪದರದ ಸುರುಳಿಯನ್ನು ಬಿಚ್ಚಿ ನೇರವಾಗಿ ಚಾಚಲು ಸಾಧ್ಯವಾಗಿದ್ದರೆ ಅದರ ಉದ್ದ ಸುಮಾರು 27 ಕಿಲೋಮೀಟರು ಆಗುತ್ತಿತ್ತು!

ಇಷ್ಟು ಸೂಕ್ಷ್ಮವಾದ ಬರವಣಿಗೆಯನ್ನು ಓದಲು ಅಷ್ಟೇ ಸೂಕ್ಷ್ಮವಾದ ಬೆಳಕಿನ ಮೊನೆ ಬೇಕು. ಬೆಳಕನ್ನು ಎಷ್ಟು ಸಣ್ಣ ಚುಕ್ಕೆಯಾಗಿ ಕೂಡಿಸಬಹುದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ ಚುಕ್ಕೆ ಕಿರಿದಾಗುತ್ತದೆ, ಮಸೂರವು ಕಿರಣಗಳನ್ನು ಹೆಚ್ಚು ಅಗಲವಾದ ಕೋನದಿಂದ ಕೂಡಿಸಿದಷ್ಟೂ ಚುಕ್ಕೆ ಕಿರಿದಾಗುತ್ತದೆ. ಮಸೂರದ ಈ ಸಾಮರ್ಥ್ಯವನ್ನು ಒಂದು ಸಂಖ್ಯೆಯಿಂದ ಹೇಳುವುದು ವಾಡಿಕೆ. ಡಿ.ವಿ.ಡಿ.ಯ ಕೆಂಪು ಲೇಸರಿನ ತರಂಗಾಂತರ 650 ನ್ಯಾನೊಮೀಟರು, ಅದರ ಮಸೂರದ ಸಂಖ್ಯೆ 0.60. ಬ್ಲೂ-ರೇಯ ಲೇಸರ್ 405 ನ್ಯಾನೊಮೀಟರಿನದು, ಮಸೂರದ ಸಂಖ್ಯೆ 0.85. ತರಂಗಾಂತರವನ್ನು ಮಸೂರದ ಸಂಖ್ಯೆಯಿಂದ ಭಾಗಿಸಿ ನೋಡಿ. ಮೊದಲನೆಯದಕ್ಕೆ 1083, ಎರಡನೆಯದಕ್ಕೆ 476 ಬರುತ್ತದೆ. ಅಂದರೆ ಚುಕ್ಕೆಯ ಅಗಲ ಸುಮಾರು 2.27 ಪಟ್ಟು ಕಿರಿದಾಯಿತು. ವಿಸ್ತೀರ್ಣ ಇದರ ವರ್ಗದಷ್ಟು, ಎಂದರೆ ಐದು ಪಟ್ಟಿಗಿಂತ ತುಸು ಹೆಚ್ಚು, ಕುಗ್ಗಿತು. ಡಿ.ವಿ.ಡಿ.ಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಸುತ್ತದೆ. ಅದನ್ನು ಐದರಿಂದ ಗುಣಿಸಿದರೆ ಬ್ಲೂ-ರೇಯ ಒಂದು ಪದರದ ಧಾರಣಶಕ್ತಿಯಾದ 25 ಗಿಗಾಬೈಟಿನ ಸಮೀಪಕ್ಕೆ ಬರುತ್ತೇವೆ. ಎರಡು ಪದರಗಳಿರುವ ಡಿಸ್ಕಿನಲ್ಲಿ 50 ಗಿಗಾಬೈಟ್ ಹಿಡಿಸುತ್ತದೆ.

ಹೆಸರಿನಲ್ಲಿ ನೀಲಿಯಿದ್ದರೂ ಈ ಬೆಳಕು ನಿಜವಾಗಿ ನೇರಳೆಯ ಕಡೆಯದು. ಇದನ್ನು ಹೊಮ್ಮಿಸುವ ಗ್ಯಾಲಿಯಂ ನೈಟ್ರೈಡ್ ಎಂಬ ಹರಳನ್ನು ಪಳಗಿಸಲು ವಿಜ್ಞಾನಿಗಳು ದಶಕಗಳ ಕಾಲ ಶ್ರಮಿಸಬೇಕಾಯಿತು. ಅದರಿಂದ ಸಮರ್ಥವಾದ ನೀಲಿ ದೀಪವನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ಇದೇ ಹರಳಿನಿಂದ ಲೇಸರನ್ನೂ ಹೊಮ್ಮಿಸಬಹುದೆಂದು ನಕಮುರ ಅವರು 1990ರ ದಶಕದ ನಡುವಿನಲ್ಲಿ ತೋರಿಸಿಕೊಟ್ಟರು. ಆ ಸಾಧನೆಯಿಲ್ಲದೆ ಬ್ಲೂ-ರೇ ಇರುತ್ತಿರಲಿಲ್ಲ.

ಈಗ ಮೊದಲ ಅನುಮಾನಾಸ್ಪದ ವಸ್ತುವಾದ ಧೂಳಿನ ಕಡೆಗೆ ತಿರುಗೋಣ. ಸಿ.ಡಿ.ಯಲ್ಲಿ ಲೇಸರ್ ಕಿರಣವು 1.2 ಮಿಲಿಮೀಟರು ದಪ್ಪದ ಪಾರದರ್ಶಕ ಪದರವನ್ನು ಹಾಯ್ದು ಗುಳಿಗಳನ್ನು ಮುಟ್ಟುತ್ತದೆ. ಡಿಸ್ಕಿನ ಮೇಲ್ಮೈಯಲ್ಲಿ ಕಿರಣದ ಅಗಲ ಸುಮಾರು 0.7 ಮಿಲಿಮೀಟರು ಇರುವುದರಿಂದ ಅಲ್ಲಿ ಕುಳಿತ ಒಂದು ಧೂಳಿನ ಕಣ ಬೆಳಕಿನ ಅಲ್ಪಾಂಶವನ್ನು ಮಾತ್ರ ತಡೆಯುತ್ತದೆ. ಬ್ಲೂ-ರೇಯಲ್ಲಿ ಆ ಪದರದ ದಪ್ಪ 0.1 ಮಿಲಿಮೀಟರು ಮಾತ್ರ. ಮೇಲ್ಮೈಯಲ್ಲಿ ಕಿರಣದ ಅಗಲ ಸುಮಾರು 0.13 ಮಿಲಿಮೀಟರು. ಅದೇ ಕಣ ಇಲ್ಲಿ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮುಚ್ಚಿಬಿಡಬಲ್ಲದು. ಆದುದರಿಂದಲೇ ಬ್ಲೂ-ರೇ ಡಿಸ್ಕುಗಳಿಗೆ ಗೀರು ಬೀಳದಂತೆ ಗಟ್ಟಿಯಾದ ಲೇಪವನ್ನು ಕೊಡುತ್ತಾರೆ. ಗೀರಿಗೆ ಜಗ್ಗದ ಈ ಲೇಪವಿದ್ದರೂ ಬೆರಳಚ್ಚಿನ ಜಿಡ್ಡು ಡಿಸ್ಕಿನ ಮೇಲೆ ಉಳಿಯಬಹುದು.

ಡಿಸ್ಕನ್ನು ಒರಸಲು ಮೃದುವಾದ, ಒಣಗಿದ, ಶುಭ್ರವಾದ ಹತ್ತಿಯ ಬಟ್ಟೆ ಸಾಕು. ಆದರೆ ಬಟ್ಟೆಯನ್ನು ವೃತ್ತಾಕಾರವಾಗಿ ಆಡಿಸಬಾರದು. ನಡುವಿನ ರಂಧ್ರದಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ಇದಕ್ಕೆ ಕಾರಣವಿದೆ. ಡಿಸ್ಕಿನಲ್ಲಿ ಬರೆದಿರುವ ಅಂಕೆಗಳ ಜೊತೆಗೆ, ಅಳಿಸಿಹೋದವನ್ನು ಲೆಕ್ಕಹಾಕಿ ಮರಳಿ ಪಡೆಯುವುದಕ್ಕಾಗಿ ಹೆಚ್ಚಿನ ಅಂಕೆಗಳನ್ನೂ ಬರೆದಿರುತ್ತಾರೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಉಪಾಯವಿದು. ಅಡ್ಡವಾಗಿ ಬಿದ್ದ ಗೀರು ಸುರುಳಿಯ ಪ್ರತಿಯೊಂದು ಸುತ್ತಿನಲ್ಲಿಯೂ ಒಂದು ಚೂರನ್ನಷ್ಟೇ ಅಳಿಸುತ್ತದೆ. ಅಷ್ಟನ್ನು ಯಂತ್ರ ಲೆಕ್ಕದಿಂದ ತುಂಬಿಕೊಳ್ಳುತ್ತದೆ. ಸುರುಳಿಯ ಗುಂಟ ಬಿದ್ದ ಗೀರಾದರೋ ಒಂದೇ ಸಾಲನ್ನು ಉದ್ದಕ್ಕೂ ಅಳಿಸಿಬಿಡುತ್ತದೆ. ಒಂದು ಪುಟದಲ್ಲಿ ಅಲ್ಲಲ್ಲಿ ಹತ್ತು ಅಕ್ಷರಗಳು ಮಾಸಿದರೆ ಓದಬಹುದು. ಒಂದು ಇಡೀ ವಾಕ್ಯವೇ ಮಾಸಿದರೆ ಊಹಿಸುವುದು ಹೇಗೆ? ಚಿತ್ರವು ಪ್ರತಿಸಲವೂ ಒಂದೇ ಸ್ಥಳದಲ್ಲಿ ನಿಲ್ಲುತ್ತಿದ್ದರೆ ದೋಷ ಡಿಸ್ಕಿನ ಮೈಮೇಲಿದೆಯೆಂದು ಬಹುಮಟ್ಟಿಗೆ ನಂಬಬಹುದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲುತ್ತಿದ್ದರೆ ಬೇರೆ ಕಡೆ ಹುಡುಕಬೇಕು.

ಹುಡುಕುವ ಕ್ರಮವನ್ನು ಕುರಿತು ಒಂದು ಮಾತು. ಹೆಂಚು ದಾಟಿಸುವ ಸಾಲಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುತ್ತ ಹೋಗುವುದಕ್ಕಿಂತ, ನಡುವೆ ನಿಂತವನ ಕೈಗೆ ಹೆಂಚು ಬಂದಿದೆಯೇ ಎಂದು ಮೊದಲು ನೋಡುವುದು ಜಾಣತನ. ಬಂದಿದ್ದರೆ ಕೆಳಗಿನ ಅರ್ಧ ಸಾಲು ನಿರ್ದೋಷಿ. ಬಂದಿಲ್ಲದಿದ್ದರೆ ಮೇಲಿನ ಅರ್ಧವನ್ನು ಸದ್ಯಕ್ಕೆ ಮರೆಯಬಹುದು. ಕಂಪ್ಯೂಟರಿನಲ್ಲಿ ಈ ನಡುವಿನ ಕೈ ಯಾವುದೆಂದರೆ ಫೈಲುಗಳ ಪಟ್ಟಿ. ಡಿಸ್ಕನ್ನು ಒಳಗಿಟ್ಟು, ಚಿತ್ರವನ್ನು ಓಡಿಸಲು ಯತ್ನಿಸದೆ, ಡಿಸ್ಕಿನಲ್ಲಿರುವ ಫೋಲ್ಡರುಗಳನ್ನು ತೆರೆದು ನೋಡಿ. ‘ಬಿ.ಡಿ.ಎಂ.ವಿ.’ ಎಂಬ ಫೋಲ್ಡರ್, ಅದರೊಳಗೆ ‘ಸ್ಟ್ರೀಮ್’ ಎಂಬ ಇನ್ನೊಂದು, ಅದರಲ್ಲಿ ದೊಡ್ಡ ದೊಡ್ಡ ಫೈಲುಗಳು ಕಂಡುಬಂದರೆ ಲೇಸರ್, ಮಸೂರ, ವಿದ್ಯುತ್ತು, ಕಾರ್ಯಾಚರಣೆ ವ್ಯವಸ್ಥೆ ಇವೆಲ್ಲ ತಮ್ಮ ಕೆಲಸ ಮಾಡಿವೆ. ಏನೂ ಕಾಣದಿದ್ದರೆ ತೊಂದರೆ ಡ್ರೈವಿನ ಕಡೆಯದು.

ಡ್ರೈವಿನ ಕಡೆಯ ತೊಂದರೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ನಗು ತರಿಸುವಂಥದು: ಆ ಡ್ರೈವ್ ಬ್ಲೂ-ರೇ ಡ್ರೈವೇ ಆಗಿರುವುದಿಲ್ಲ. ಡಿ.ವಿ.ಡಿ. ಡ್ರೈವಿನಲ್ಲಿ ನೇರಳೆ ಲೇಸರ್ ಇರುವುದಿಲ್ಲ. ಅದಕ್ಕೆ ಬ್ಲೂ-ರೇ ಡಿಸ್ಕನ್ನು ಕೊಟ್ಟರೆ ಅದು ತಿಣುಕಾಡಿ ಕೈಚೆಲ್ಲುತ್ತದೆ. ಬಾಗಿಲಿನ ಮೇಲೆ ಬ್ಲೂ-ರೇ ಗುರುತು ಇದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಗುರುತಿದ್ದೂ ಡಿ.ವಿ.ಡಿ. ಓಡಿ ಬ್ಲೂ-ರೇ ಮಾತ್ರ ಓಡದಿದ್ದರೆ ಇನ್ನೊಂದು ಬ್ಲೂ-ರೇ ಡಿಸ್ಕನ್ನು ಇಟ್ಟು ನೋಡಬೇಕು. ಅದೂ ಓಡದಿದ್ದರೆ ನೇರಳೆ ಲೇಸರ್ ದುರ್ಬಲವಾಗಿರಬಹುದು, ಡಿ.ವಿ.ಡಿ.ಗೆ ಬೇರೆ ಲೇಸರ್ ಇರುವುದರಿಂದ ಅದು ಓಡುತ್ತಿರುತ್ತದೆ. ಯು.ಎಸ್.ಬಿ. ಕೇಬಲಿನಿಂದ ಜೋಡಿಸುವ ಹೊರಗಿನ ಡ್ರೈವುಗಳಿಗೆ ವಿದ್ಯುತ್ತಿನ ಅಭಾವವೂ ಉಂಟಾಗುತ್ತದೆ. ಯು.ಎಸ್.ಬಿ. 2.0 ಕಿಂಡಿಯ ನಿಯಮಿತ ವಿದ್ಯುತ್ಪ್ರವಾಹ 500 ಮಿಲಿಆಂಪಿಯರು, 3.0 ಕಿಂಡಿಯದು 900. ಡಿಸ್ಕನ್ನು ತಿರುಗಿಸಲು ಹೊರಟಾಗಲೆಲ್ಲ ಡ್ರೈವ್ ಕ್ಲಿಕ್ ಎಂದು ನಿಂತು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರೆ ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲವೆಂದು ತಿಳಿಯಬೇಕು. ಕಂಪ್ಯೂಟರಿನ ಬೇರೊಂದು ಕಿಂಡಿಗೆ ನೇರವಾಗಿ ಜೋಡಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. ಡ್ರೈವನ್ನು ಬಿಚ್ಚಿ ಒಳಗೆ ಇಣುಕುವ ಕುತೂಹಲವನ್ನು ಮಾತ್ರ ಅದುಮಿಟ್ಟುಕೊಳ್ಳಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ನಿರಪಾಯಕಾರಿಯಾದ ಲೇಸರ್ ಕಿರಣ ತೆರೆದಾಗ ಕಣ್ಣಿಗೆ ಕೇಡು ಮಾಡಬಲ್ಲದು.

ಫೈಲುಗಳು ಕಾಣುತ್ತಿದ್ದೂ ಚಿತ್ರ ಓಡದಿದ್ದರೆ ಸಾಲಿನ ಮೇಲಿನ ಅರ್ಧಕ್ಕೆ ಬರುತ್ತೇವೆ. ವಿಂಡೋಸ್ ವ್ಯವಸ್ಥೆಯ ಜೊತೆಗೆ ಬ್ಲೂ-ರೇ ಚಿತ್ರಗಳನ್ನು ತೋರಿಸುವ ಪ್ರೋಗ್ರಾಂ ಬರುವುದಿಲ್ಲ. ಆಪಲ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರುಗಳಿಗೂ ಅದು ಎಂದೂ ಬಂದಿಲ್ಲ. ಅದನ್ನು ಪ್ರತ್ಯೇಕವಾಗಿ ಪಡೆಯಬೇಕು. ಇಲ್ಲಿ ಉಪಯುಕ್ತವಾದ ಇನ್ನೊಂದು ಪರೀಕ್ಷೆಯುಂಟು. ಮದುವೆಯ ವೀಡಿಯೊದಂತೆ ಮನೆಯಲ್ಲಿಯೋ ಸ್ಟುಡಿಯೋದಲ್ಲಿಯೋ ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲ. ಅಂಗಡಿಯಲ್ಲಿ ಕೊಂಡ ಚಲನಚಿತ್ರಕ್ಕೆ ಇರುತ್ತದೆ. ಮೊದಲನೆಯದು ಓಡಿ ಎರಡನೆಯದು ಓಡದಿದ್ದರೆ ತೊಂದರೆ ಬೀಗದ ಬಳಿ ಇದೆ.

ಈ ಬೀಗದ ಕಥೆ ಸ್ವಾರಸ್ಯವಾದದ್ದು. ಚಲನಚಿತ್ರ ಸಂಸ್ಥೆಗಳೂ ಯಂತ್ರ ತಯಾರಿಸುವ ಸಂಸ್ಥೆಗಳೂ ಕೂಡಿ ರೂಪಿಸಿದ ಈ ವ್ಯವಸ್ಥೆಗೆ ‘ಎ.ಎ.ಸಿ.ಎಸ್.’ ಎಂದು ಹೆಸರು. ಚಿತ್ರವನ್ನು 128 ಬಿಟ್ ಉದ್ದದ ಕೀಲಿಕೈಯಿಂದ ಗುಪ್ತಲಿಪಿಗೆ ತಿರುಗಿಸಿ ಡಿಸ್ಕಿನಲ್ಲಿ ಬರೆದಿರುತ್ತಾರೆ. ಅನುಮತಿ ಪಡೆದ ಪ್ರತಿಯೊಂದು ಪ್ಲೇಯರಿಗೂ ತನ್ನದೇ ಆದ ಕೀಲಿಕೈಗಳ ಗೊಂಚಲೊಂದಿದೆ. ಡಿಸ್ಕಿನಲ್ಲಿರುವ ಒಂದು ಕೋಷ್ಟಕದ ಜೊತೆ ಆ ಗೊಂಚಲನ್ನು ಕೂಡಿಸಿ ಲೆಕ್ಕಹಾಕಿದಾಗ ಮಾತ್ರ ಚಿತ್ರದ ಬೀಗ ತೆರೆಯುತ್ತದೆ. ಯಾವುದಾದರೂ ಪ್ಲೇಯರಿನ ಕೀಲಿಕೈ ಬಯಲಾದರೆ, ಮುಂದೆ ಅಚ್ಚಾಗುವ ಡಿಸ್ಕುಗಳ ಕೋಷ್ಟಕವನ್ನು ಆ ಕೀಲಿಕೈ ತೆರೆಯಲಾಗದಂತೆ ಬದಲಾಯಿಸುತ್ತಾರೆ. 2007ರಲ್ಲಿ ಹೀಗೆಯೇ ಆಯಿತು. ಕಂಪ್ಯೂಟರಿನ ಪ್ರಸಿದ್ಧ ಪ್ರೋಗ್ರಾಂ ಒಂದರ ಕೀಲಿಕೈಗಳು ಹೊರಬಿದ್ದವು; ಅದನ್ನು ಬಳಸುತ್ತಿದ್ದವರೆಲ್ಲ ಹೊಸ ಆವೃತ್ತಿಯನ್ನು ಹಾಕಿಕೊಳ್ಳಬೇಕಾಯಿತು. ಹಳೆಯ ಚಿತ್ರಗಳೆಲ್ಲ ಓಡಿ, ಹೊಸದಾಗಿ ತಂದ ಚಿತ್ರ ಮಾತ್ರ ಓಡದಿದ್ದರೆ ಕಾರಣ ಪ್ರಾಯಶಃ ಇದೇ. ಪ್ರೋಗ್ರಾಮನ್ನು ಹೊಸದಾಗಿಸಿದರೆ ಓಡುತ್ತದೆ.

ಇದಕ್ಕಿಂತಲೂ ವಿಚಿತ್ರವಾದುದೊಂದಿದೆ. ನಿಷೇಧಕ್ಕೊಳಗಾದ ಪ್ರೋಗ್ರಾಮುಗಳ ಪಟ್ಟಿಯನ್ನೂ ಡಿಸ್ಕ್ ಹೊತ್ತು ತರುತ್ತದೆ. ಹೊಸ ಡಿಸ್ಕನ್ನು ಒಮ್ಮೆ ಒಳಗಿಟ್ಟಾಗ ಡ್ರೈವ್ ಆ ಪಟ್ಟಿಯನ್ನು ತನ್ನ ಶಾಶ್ವತ ನೆನಪಿನಲ್ಲಿ ಬರೆದುಕೊಳ್ಳುತ್ತದೆ. ಅಂದಿನಿಂದ ನಿಷೇಧಕ್ಕೊಳಗಾದ ಪ್ರೋಗ್ರಾಮಿನೊಡನೆ ಅದು ವ್ಯವಹರಿಸುವುದನ್ನೇ ಬಿಡುತ್ತದೆ. ನಿನ್ನೆಯವರೆಗೆ ಓಡುತ್ತಿದ್ದ ಹಳೆಯ ಡಿಸ್ಕುಗಳೂ ಇಂದು ಓಡುವುದಿಲ್ಲ! ಮನೆಯ ಯಜಮಾನನು ತಾನು ಏನನ್ನೂ ಬದಲಾಯಿಸಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತಾನೆ. ಅವನ ಮಾತು ನಿಜವೂ ಹೌದು.

ಡಿಸ್ಕುಗಳಿಗೆ ಪ್ರದೇಶದ ಕಟ್ಟೂ ಇದೆ. ಬ್ಲೂ-ರೇಯ ಮಟ್ಟಿಗೆ ಜಗತ್ತನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಹಂಚಲಾಗಿದೆ. ಅಮೆರಿಕ, ಜಪಾನುಗಳು ಎ ವಲಯಕ್ಕೆ, ಯೂರೋಪು, ಆಸ್ಟ್ರೇಲಿಯಗಳು ಬಿ ವಲಯಕ್ಕೆ, ಭಾರತ, ಚೀನ, ರಷ್ಯಗಳು ಸಿ ವಲಯಕ್ಕೆ ಸೇರಿವೆ. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಚಿತ್ರವು ಬೆಂಗಳೂರಿನ ಕಂಪ್ಯೂಟರಿನಲ್ಲಿ ಓಡದಿರಲು ಇಷ್ಟೇ ಕಾರಣವಿರಬಹುದು. ಎಲ್ಲ ಡಿಸ್ಕುಗಳಿಗೂ ಈ ಕಟ್ಟು ಇರುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ ವಲಯದ ಅಕ್ಷರವನ್ನು ಅಚ್ಚುಮಾಡಿರುತ್ತಾರೆ.

ಬೀಗ ತೆರೆದ ಮೇಲೂ ಕಾವಲು ಮುಗಿಯುವುದಿಲ್ಲ. ಕಂಪ್ಯೂಟರಿನಿಂದ ಮಾನಿಟರಿಗೆ ಹೋಗುವ ಕೇಬಲಿನಲ್ಲಿ ಯಾರೂ ಚಿತ್ರವನ್ನು ಕದಿಯಬಾರದೆಂದು ಅಲ್ಲಿಯೂ ‘ಎಚ್.ಡಿ.ಸಿ.ಪಿ.’ ಎಂಬ ಗುಪ್ತಲಿಪಿಯನ್ನು ಬಳಸುತ್ತಾರೆ. ಇದನ್ನು ಅರಿಯದ ಹಳೆಯ ಮಾನಿಟರು, ವಿ.ಜಿ.ಎ. ಕೇಬಲು, ಕೆಲವು ಪ್ರೊಜೆಕ್ಟರುಗಳು ಜೋಡಿಸಿದ್ದಾಗ ಪ್ರೋಗ್ರಾಂ ಚಿತ್ರವನ್ನು ತೋರಿಸಲು ನಿರಾಕರಿಸಬಹುದು. ಎರಡು ಮಾನಿಟರುಗಳಿದ್ದಲ್ಲಿ ಒಂದನ್ನು ಕಳಚಿ, ಇನ್ನೊಂದನ್ನು ಎಚ್.ಡಿ.ಎಂ.ಐ. ಕೇಬಲಿನಿಂದ ನೇರವಾಗಿ ಜೋಡಿಸಿ ನೋಡುವುದು ಒಳ್ಳೆಯದು.

ಚಿತ್ರ ಬರುತ್ತಿದೆ, ಆದರೆ ಕುಂಟುತ್ತಿದೆ ಎನ್ನುವುದಾದರೆ ಅದು ಬೀಗದ ತೊಂದರೆಯಲ್ಲ, ಶಕ್ತಿಯದು. ಬ್ಲೂ-ರೇ ಚಿತ್ರದ ಒಂದು ಚೌಕಟ್ಟಿನಲ್ಲಿ 1920 ಗುಣಿಸು 1080, ಎಂದರೆ ಇಪ್ಪತ್ತು ಲಕ್ಷಕ್ಕೂ ಮೀರಿದ ಬಿಂದುಗಳಿವೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಸುಮಾರು ಐದು ಕೋಟಿ ಬಿಂದುಗಳನ್ನು ಕಂಪ್ಯೂಟರ್ ಸೆಕೆಂಡು ಸೆಕೆಂಡಿಗೂ ಬಿಡಿಸಿ ಬರೆಯಬೇಕು. ಈ ಕೆಲಸವನ್ನು ಗ್ರಾಫಿಕ್ಸ್ ವಿಭಾಗಕ್ಕೆ ಒಪ್ಪಿಸಿದರೆ ಸುಲಭವಾಗಿ ಆಗುತ್ತದೆ. ಅದರ ಡ್ರೈವರ್ ತಂತ್ರಾಂಶ ಹಳತಾಗಿದ್ದರೆ ಭಾರವೆಲ್ಲ ಮುಖ್ಯ ಪ್ರೊಸೆಸರಿನ ಮೇಲೆ ಬಿದ್ದು ಚಿತ್ರ ತಡವರಿಸುತ್ತದೆ.

ಇನ್ನು 2016ರಲ್ಲಿ ಬಂದ ಅಲ್ಟ್ರಾ ಎಚ್.ಡಿ. ಬ್ಲೂ-ರೇ ಡಿಸ್ಕುಗಳ ಮಾತೇ ಬೇರೆ. ಅವುಗಳನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ಓಡಿಸಬೇಕಾದರೆ ಇಂಟೆಲ್ ಪ್ರೊಸೆಸರಿನೊಳಗೆ ‘ಎಸ್.ಜಿ.ಎಕ್ಸ್.’ ಎಂಬ ಒಂದು ಗುಪ್ತಕೋಣೆ ಇರಬೇಕೆಂಬುದು ನಿಬಂಧನೆ. 2021ರಲ್ಲಿ ಬಂದ ಹನ್ನೊಂದನೆಯ ತಲೆಮಾರಿನ ಮನೆಬಳಕೆಯ ಪ್ರೊಸೆಸರುಗಳಿಂದ ಇಂಟೆಲ್ ಸಂಸ್ಥೆ ಈ ಕೋಣೆಯನ್ನೇ ತೆಗೆದುಹಾಕಿತು. ಹಳೆಯ, ನಿಧಾನವಾದ ಕಂಪ್ಯೂಟರಿನಲ್ಲಿ ಓಡಿದ ಡಿಸ್ಕು ಹೆಚ್ಚು ಬೆಲೆಯ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲವೆಂದರೆ ಕೊಂಡವನಿಗೆ ಏನೆನ್ನಿಸಬೇಡ? ಡಿಸ್ಕು ಅವನ ಸ್ವತ್ತು, ಹಣ ಸಲ್ಲಿಸಿದ್ದಾನೆ, ಗೀರೊಂದೂ ಬಿದ್ದಿಲ್ಲ. ಆದರೂ ನೋಡುವ ಹಕ್ಕು ಇನ್ನಾರದೋ ನಿರ್ಣಯವನ್ನು ಕಾಯುತ್ತದೆ. ಕೃತಿ ರಚಿಸಿದವರ ಹಕ್ಕನ್ನು ರಕ್ಷಿಸುವುದು ನ್ಯಾಯವೇ. ಆದರೆ ಇಲ್ಲಿ ಕಳ್ಳನಿಗಿಂತ ಕೊಂಡವನೇ ಹೆಚ್ಚು ತೊಂದರೆಗೆ ಒಳಗಾಗುತ್ತಾನೆಂಬುದನ್ನು ಅಲ್ಲಗಳೆಯುವಂತಿಲ್ಲ. ಇಂಥ ಡಿಸ್ಕುಗಳಿಗೆ ಟೆಲಿವಿಷನ್ನಿಗೆ ಜೋಡಿಸುವ ಪ್ರತ್ಯೇಕ ಪ್ಲೇಯರೇ ಸದ್ಯಕ್ಕೆ ನಂಬಿಗಸ್ತ ಸಾಧನ.

ಬೇಸತ್ತವರು ಬೀಗ ಒಡೆಯುವ ಪ್ರೋಗ್ರಾಮುಗಳನ್ನು ಹುಡುಕಿಕೊಂಡು ಹೋಗುವುದುಂಟು. 2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯಿದೆಯ 65ಎ ವಿಧಿಯ ಪ್ರಕಾರ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿಯುವುದು ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಅಲ್ಲದೆ, ಯಾವ ಡಿಸ್ಕನ್ನಾದರೂ ಓಡಿಸುತ್ತೇವೆಂದು ಆಸೆ ತೋರಿಸುವ ಅಪರಿಚಿತ ಪ್ರೋಗ್ರಾಮುಗಳೊಡನೆ ವೈರಸ್ಸುಗಳೂ ಮನೆಹೊಕ್ಕುವ ಸಂಭವವಿದೆ.

ಮನೆಯಲ್ಲಿ ಬರೆದ ಡಿಸ್ಕುಗಳಿಗೆ ಈ ಬಂಧನಗಳಾವುವೂ ಇಲ್ಲ. ಆದರೆ ಅವುಗಳ ಕಾಲವೂ ಕಿರಿದಾಗುತ್ತಿದೆ. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹೊಸ ಕಂಪ್ಯೂಟರುಗಳಲ್ಲಿ ಡ್ರೈವಿನ ಬಾಗಿಲೇ ಕಾಣುವುದು ಅಪರೂಪ. ಆದುದರಿಂದ ಮದುವೆ, ನಾಮಕರಣಗಳ ಡಿಸ್ಕು ಮನೆಯಲ್ಲಿದ್ದರೆ, ಅದನ್ನು ಓದಬಲ್ಲ ಡ್ರೈವ್ ಕೈಯಲ್ಲಿರುವಾಗಲೇ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು ಲೇಸು. ನಕಲು ಒಂದೆಡೆ ತಡೆದು ನಿಂತರೆ ತಕ್ಷಣ ರದ್ದುಮಾಡಬಾರದು. ಓದಲಾಗದ ಜಾಗಕ್ಕೆ ಡ್ರೈವ್ ವೇಗವನ್ನು ತಗ್ಗಿಸಿಕೊಂಡು ಮತ್ತೆ ಮತ್ತೆ ಹೋಗಿ ಪ್ರಯತ್ನಿಸುತ್ತಿರುತ್ತದೆ. ಒರಸಿದ ಡಿಸ್ಕನ್ನು ಒಳಗಿಟ್ಟು, ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟು, ರಾತ್ರಿ ಊಟ ಮುಗಿಸಿ ಬಂದು ನೋಡಿದರೆ ಒಮ್ಮೊಮ್ಮೆ ನಕಲು ಮುಗಿದೇ ಇರುತ್ತದೆ.